ಎರಡೂ ಕೈ ಮಿಷನ್ನಿನ ಮೇಲೆ

ಜುಂಯ್ ಅನ್ನುವ ಒಂದು ಸದ್ದು. ಕೊಳ್ಳೇಗಾಲದ ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಕೆಲಸ ಮಾಡಿದಷ್ಟು ಕಾಲವೂ ಅದು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಗಿರಾಕಿ ಬರುತ್ತಾನೆ. ಡಬ್ಬದಿಂದ ಹೊಸ ಡ್ರಿಲ್ ಮಿಷನ್ ತೆಗೆಸುತ್ತಾನೆ, ಪ್ಲಗ್ ಹಾಕಿಸುತ್ತಾನೆ, ಅದನ್ನು ದೀಪಾವಳಿಯ ಪಿಸ್ತೂಲಿನ ಹಾಗೆ ಮೇಲಕ್ಕೆತ್ತಿ ಟ್ರಿಗರ್ ಒತ್ತುತ್ತಾನೆ. ಜುಂಯ್! ಜೊತೆಗೆ ಬಂದವರು ತಲೆದೂಗುತ್ತಾರೆ. "ಬಲೇ ಸ್ಪೀಡ್ ಅದೆ ಕಣ್ಲಾ, ಇದ್ನೇ ತಕ್ಕೊ." ಅಲ್ಲಿಗೆ ಆಯ್ಕೆ ಮುಗಿಯಿತು.

ಈಗ ನನ್ನ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಆ ಜುಂಯ್ ಅನ್ನು ನಾನು ಮಿಸ್ ಮಾಡಿಕೊಳ್ಳುತ್ತೇನೆ ಅಂದರೆ ಯಾರೂ ನಂಬಲಿಕ್ಕಿಲ್ಲ. ಆಗ ಅದನ್ನು ಕೇಳಿದರೆ ಹಲ್ಲು ಕಚ್ಚುತ್ತಿದ್ದೆ.

ಇದನ್ನು ಬರೆಯಲು ಕಾರಣ ಒಬ್ಬ ಹುಡುಗಿ. ಪೇಟೆಯ ಟೂಲ್ಸ್ ಶೋರೂಮಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ಬಲ್ಬು ಕೊಳ್ಳಲು ಹೋದಾಗ ನಾನು ಯಾರೆಂದು ಗೊತ್ತಾಗಿ, "ಆಂಟಿ, ಗಾರೆ ಕಲಸೋ ಮಿಷನ್ ಕೇಳಿದ್ರೆ ಯಾವುದನ್ನ ತೋರಿಸ್ಬೇಕು? ನಂಗೆ ಎಲ್ಲಾ ಒಂದೇ ಥರ ಕಾಣುತ್ತೆ," ಅಂದಳು. ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಬಲ್ಬು ಹಿಡಿದುಕೊಂಡು ಸುಮ್ಮನೆ ಮನೆಗೆ ಬಂದೆ. ಆ ಉತ್ತರ ನನಗೆ ಹೇಗೆ ಸಿಕ್ಕಿತು ಅನ್ನುವುದು ಒಂದು ಮಾತಿನದ್ದಲ್ಲ.

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ, ಬೋರ್ಡಿಂಗ್ ಸ್ಕೂಲು. ಮಾತುಗಾರಿಕೆಯ ಎಲೊಕ್ಯೂಷನ್, ಹೊಲಿಗೆಯ ನೀಡ್ಲ್‌ವರ್ಕ್, ಸಂಜೆ ಹಾರ್ಮೋನಿಯಂ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ನೋಡಿಕೊಳ್ಳಲು ಕೊಳ್ಳೇಗಾಲಕ್ಕೆ ವಾಪಸ್ಸು ಬಂದೆ. ಅಮ್ಮ ಹಾಸಿಗೆಯಲ್ಲಿ ಬಹಳ ವರ್ಷ ಇದ್ದರು. ನನಗೆ ನೋಡಿದ ಸಂಬಂಧಗಳು ಬಂದವು, ಹೋದವು, ಆಮೇಲೆ ಬರುವುದನ್ನೂ ಬಿಟ್ಟವು. ಅಮ್ಮನೂ ಹೋದ ಮೇಲೆ ಕಲಿತ ಇಂಗ್ಲಿಷನ್ನು ಆಡಲು ಜನವೇ ಇರಲಿಲ್ಲ. ಕನ್ನಡಿ ಮುಂದೆ ತಲೆ ಬಾಚುವಾಗ "ಗುಡ್ ಮಾರ್ನಿಂಗ್, ಮೈ ಡಿಯರ್" ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಮಾಷೆಗೆ ಶುರುವಾದದ್ದು ಅಭ್ಯಾಸವೇ ಆಯಿತು.

ವಿಚಿತ್ರ ನೋಡಿ, ಆ ಇಂಗ್ಲಿಷೇ ನನಗೆ ಕೆಲಸ ಕೊಡಿಸಿತು. ಅಂಗಡಿಯ ಯಜಮಾನರು ಗುರುಮಲ್ಲಪ್ಪನವರು. ಹಣೆ ತುಂಬ ವಿಭೂತಿ, ಹಾಲಿನಂಥ ಪಂಚೆ. ಕರೆಂಟಿನ ಮಿಷನ್ನುಗಳನ್ನು ಆಗ ತಾನೇ ತರಿಸಲು ಶುರು ಮಾಡಿದ್ದರು. ಪ್ರತಿ ಡಬ್ಬದಲ್ಲಿ ಮಡಿಚಿಟ್ಟ ಒಂದು ಕಾಗದ. ಅದರಲ್ಲಿ ಲೋಕದ ಭಾಷೆಗಳೆಲ್ಲ ಇದ್ದವು, ಕನ್ನಡ ಮಾತ್ರ ಇರಲಿಲ್ಲ. "ಇದ್ನ ಓದಿ ಜನಕ್ಕೆ ಹೇಳೋರು ಬೇಕು ಮೇಡಂ. ನೀವು ಕೌಂಟರಿನಲ್ಲಿ ಕೂತ್ಕೊಳ್ಳಿ, ಮೂಟೆ ಹೊರೋ ಕೆಲಸ ಏನಿಲ್ಲ," ಅಂದರು. ಹೀಗೆ ಮೊಳೆ, ಪೈಪು, ಸಿಮೆಂಟಿನ ಧೂಳಿನ ಮಧ್ಯೆ ಮಡಿಚಿಟ್ಟ ಕಾಗದ ಓದುವುದೇ ನನ್ನ ವೃತ್ತಿ ಆಯಿತು.

ಮೊದಮೊದಲು ಸಿಸ್ಟರ್ ಹೇಳಿಕೊಟ್ಟ ಹಾಗೆ ನೆಟ್ಟಗೆ ನಿಂತು, ಒಂದೊಂದು ಪದ ಬಿಡಿಸಿ ಓದುತ್ತಿದ್ದೆ. ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ. "ಮಿಷನ್ನಿಗೆ ಬಲವಂತ ಮಾಡಬಾರದು" ಅಂದಾಗ ಒಬ್ಬ ಮೇಸ್ತ್ರಿ, "ಅದೇನ್ ಹೊಸ ಸೊಸೇನಾ ಮೇಡಮ್ಮ?" ಅಂದು ಅಂಗಡಿಯನ್ನೆಲ್ಲ ನಗಿಸಿದ. "ಸಡಿಲ ಬಟ್ಟೆ ಹಾಕಬಾರದು" ಅಂದಾಗ ಎಲ್ಲರೂ ತಮ್ಮ ಲುಂಗಿ ನೋಡಿಕೊಂಡರು. ಎಲ್ಲ ಕಾಗದದಲ್ಲೂ ತಪ್ಪದೇ ಇರುತ್ತಿದ್ದ ಒಂದು ಸಾಲನ್ನು ಮಾತ್ರ ನಗಲು ಬಿಡುತ್ತಿರಲಿಲ್ಲ, ಎರಡು ಸಲ ಹೇಳುತ್ತಿದ್ದೆ: ಮಿಷನ್ ತಿರುಗುತ್ತಿರುವಷ್ಟು ಹೊತ್ತೂ ಎರಡೂ ಕೈ ಮಿಷನ್ನಿನ ಮೇಲಿರಬೇಕು.

ಹುಡುಗೀ, ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ಬಂಡಳ್ಳಿಯ ಮೇಸ್ತ್ರಿ ಕೆಂಪರಾಜು ಅಂತ ಒಬ್ಬನಿದ್ದ. ಗೋಡೆ ತೂತು ಮಾಡುವ ಡ್ರಿಲ್ಲನ್ನು ಗಾಳಿಯಲ್ಲಿ ಜುಂಯ್ ಅನ್ನಿಸಿ, ಅದಕ್ಕೆ ಸಿಕ್ಕಿಸುವ ಕಲಸೋ ರಾಡನ್ನೂ ಕೊಂಡು ಹೋದ. ಕೆಲವು ದಿನಕ್ಕೆಲ್ಲ ಮಿಷನ್ನನ್ನು ಟವಲ್ಲಿನಲ್ಲಿ ಕೂಸಿನ ಹಾಗೆ ಸುತ್ತಿಕೊಂಡು ಬಂದ. ಬಿಚ್ಚಿದರೆ ಸುಟ್ಟ ವೈರಿನ ವಾಸನೆ ಅಂಗಡಿ ತುಂಬ.

"ಏನ್ ಮೇಡಮ್ಮ, ಇಂತಾ ಮಿಷನ್ ಕೊಟ್ಟಿದ್ದೀರಿ? ಸತ್ತೇ ಓಯ್ತು!"

"ಏನು ಕಲಸಿದಿರಿ ಇದರಲ್ಲಿ?"

"ಗಾರೆ ಕಲಸ್ದೆ. ಇನ್ನೇನ್ ಮಜ್ಜಿಗೆ ಕಡೀತಾರಾ?"

"ಇದಕ್ಕೆ ಓಟ ಇದೆ, ತಾಕತ್ತಿಲ್ಲ ಕೆಂಪರಾಜು. ಗಾರೆಗೆ ನಿಧಾನಕ್ಕೆ ತಿರುಗಿದರೂ ತಡೆದರೆ ನಿಲ್ಲದೇ ಇರೋ ಮಿಷನ್ ಬೇಕು."

"ಅಂಗಾರೆ ಅವತ್ತು ಜುಂಯ್ ಅಂತಲ್ಲ?"

"ಗಾಳಿಯಲ್ಲಿ ಅಂದಿತು. ಗಾಳಿ ಕಲಸೋಕೆ ಇದಕ್ಕಿಂತ ಒಳ್ಳೇ ಮಿಷನ್ ಇಲ್ಲ."

ಸುತ್ತ ಇದ್ದವರು ನಕ್ಕರು. ಕೆಂಪರಾಜುವೂ ನಕ್ಕ. ನಗದೇ ಇದ್ದವರು ಯಜಮಾನರು ಮಾತ್ರ. ಅವನು ಹೋದ ಮೇಲೆ, "ನೀವಿಲ್ಲಿ ಕೂತಿರೋದು ಮಾರೋಕೋ, ಬ್ಯಾಡ ಅನ್ನೋಕೋ?" ಅಂತ ಕೇಳಿದರು. "ಎರಡಕ್ಕೂ ಸರ್" ಅಂದೆ. ಅವರು ಒಳ್ಳೆಯವರೇ. ಕೋಪ ಬಂದರೆ ಪಂಚೆಯ ಅಂಚು ಕೊಡವುತ್ತಿದ್ದರು, ಅಷ್ಟೇ.

ಆ ವಾರ ನಾನು ಕೌಂಟರಿನ ಹಿಂದೆ ಒಂದು ಬಕೆಟ್ ಇಟ್ಟೆ. ನಮ್ಮ ಮೂಟೆ ಇಳಿಸುವ ಮಾದಯ್ಯ ಮುಳ್ಳೂರಿನವನು. ಅವನ ಗದ್ದೆಯಿಂದ ಜಿಗುಟು ಮಣ್ಣು ತರಿಸಿ, ನೀರು ಹಾಕಿ, ಗಾರೆಯಷ್ಟು ಗಟ್ಟಿಯಾಗಿ ನೆನೆಸಿಟ್ಟೆ. ಕಲಸುವ ಮಿಷನ್ ಯಾರು ಕೇಳಿದರೂ ಗಾಳಿಯಲ್ಲಿ ಅಲ್ಲ, ಈ ಬಕೆಟ್ಟಿನಲ್ಲಿ ಓಡಿಸಿ ನೋಡಬೇಕು. "ಅಂಗಡೀನೋ ನಾಟಿ ಗದ್ದೇನೋ ಇದು?" ಅಂತ ಯಜಮಾನರು ರೇಗಿದರು, ಆದರೆ ಬಕೆಟ್ಟನ್ನು ತೆಗೆಸಲಿಲ್ಲ. ಜುಂಯ್ ಅನ್ನುತ್ತಿದ್ದ ಮಿಷನ್ನುಗಳು ಮಣ್ಣಿಗಿಳಿದ ತಕ್ಷಣ ಕುಯ್ ಅಂದು ಸೋಲುವುದು, ಸುಮ್ಮನಿದ್ದ ಮಿಷನ್ನುಗಳು ಗೂಂ ಅಂತ ಒಂದೇ ದನಿಯಲ್ಲಿ ತಿರುಗುವುದು, ಎರಡನ್ನೂ ಕೇಳಿ ಕೇಳಿ ನನ್ನ ಕಿವಿಗೆ ಭೇದ ಗೊತ್ತಾಯಿತು. ಆ ಗೂಂ ಅನ್ನುವುದೇ ನಿನ್ನ ಪ್ರಶ್ನೆಗೆ ಉತ್ತರ.

ಪುಟ್ಟತಾಯಮ್ಮನನ್ನು ನಾನು ಮೊದಲು ನೋಡಿದ್ದು ಈ ಬಕೆಟ್ಟಿನ ಮುಂದೆಯೇ.

ಅವಳು ಹನೂರಿನ ಆಚೆಯ ಶಾಗ್ಯದವಳು. ತನ್ನ ಮೈದುನ ಸಿದ್ದರಾಜು ಮೇಸ್ತ್ರಿಯ ಗುಂಪಿನಲ್ಲಿ ಗಾರೆ ಕಲಸುತ್ತಿದ್ದಳು. ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಶರ್ಟು, ತಲೆಗೆ ಟವಲ್ಲು. ಎಲ್ಲ ಗಾರೆ ಕೆಲಸದ ಹೆಂಗಸರ ಹಾಗೆಯೇ. ಗುಂಪು ಮಿಷನ್ ನೋಡಲು ಬಂದಾಗ ಗಂಡಸರು ಒಳಗೆ ಬಂದರು. ಅವಳು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಳು.

ಸಿದ್ದರಾಜು ಮಿಷನ್ ತೆಗೆದುಕೊಂಡು ಮೇಲಕ್ಕೆತ್ತಿದ. ನಾನು ಬಕೆಟ್ ತೋರಿಸಿದೆ. "ಅಯ್ಯೋ, ಇದೇನ್ ಮಾ ವಿಷ್ಯ," ಅಂದು ಒಂದೇ ಕೈಯಲ್ಲಿ ರಾಡನ್ನು ಮಣ್ಣಿಗೆ ಇಳಿಸಿ ಒತ್ತಿದ. ರಾಡು ಮಣ್ಣಿನಲ್ಲಿ ಸಿಕ್ಕಿಕೊಂಡಿತು, ಮಿಷನ್ನೇ ಗಿರ್ರನೆ ತಿರುಗಿ ಅವನ ಕೈಯಿಂದ ಬಿಡಿಸಿಕೊಂಡಿತು, ಬಕೆಟ್ ಉರುಳಿತು, ಮುಳ್ಳೂರಿನ ಗದ್ದೆಯ ಅರ್ಧ ಭಾಗ ಯಜಮಾನರ ಪಂಚೆಯ ಮೇಲೆ ಹೋಗಿ ಕೂತಿತು.

ಗಂಡಸರೆಲ್ಲ ಆ ಪಂಚೆಯನ್ನೇ ನೋಡುತ್ತ ನಿಂತರು. ಬಾಗಿಲಲ್ಲಿ ನಿಂತಿದ್ದವಳು ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಆ ಅಂಗಡಿಯಲ್ಲಿ ಇನ್ನೊಬ್ಬ ಹೆಂಗಸಿನ ಜೊತೆ ಸೇರಿ ನಾನು ನಕ್ಕದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು.

ಅವರು ಅವತ್ತು ಏನೂ ಕೊಳ್ಳದೆ ಹೋದರು. ಮಾರನೇ ವಾರ ಅವಳೊಬ್ಬಳೇ ಬಂದಳು. ಬಾಗಿಲಲ್ಲಿ ನಿಲ್ಲಲಿಲ್ಲ, ನೇರ ಕೌಂಟರಿಗೆ ಬಂದಳು.

"ಮೇಡಮ್ಮ, ನಂಗೊಂದು ಮಿಷನ್ ಕೊಡಿ. ನಾನು ಇಡ್ಕಳಂತದ್ದು."

"ಸಿದ್ದರಾಜು ಎಲ್ಲಿ?"

"ಅವ್ನು ತಕಂಡ್ರೆ ಅವ್ನ ಕಡೆ ಗಂಡಸ್ರ ಕೈಗೆ ಕೊಡ್ತಾನೆ. ಮಿಷನ್ ಯಾರ್ ಕೈಲೋ, ಕಲ್ಸೋ ಕೆಲ್ಸ ಅವ್ರದ್ದೇ. ನಂಗೆ ಕತ್ತಿನ್ ನರ ಇಡ್ಕಂಡದೆ, ತಲೆ ಮ್ಯಾಲೆ ಬಾಂಡ್ಲಿ ಒರಕ್ಕಾಗಲ್ಲ. ಕಲ್ಸೋದೊಂದೇ ನಾನು ಮಾಡ್ಬೌದಾದ್ದು. ಅದೂ ಓದ್ರೆ ನಾನು ಮನೇಲಿ ಕುಂತ್ಕಂಡು ಅವ್ನ ಎಂಡ್ತಿ ಇಕ್ಕಿದ್ದ ತಿನ್ಬೇಕು." ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಕೌಂಟರಿನ ಮೇಲಿಟ್ಟು, "ಆಡು ಮಾರ್ಬುಟ್ಟು ಬಂದಿವ್ನಿ," ಅಂದಳು.

ಆ ಮಧ್ಯಾಹ್ನ ನಾನು ಎಲ್ಲ ಡಬ್ಬಗಳನ್ನೂ ತೆಗೆದೆ. ಒಂದೊಂದರ ಕಾಗದವನ್ನೂ ಓದಿದೆ. ಗಿರಾಕಿಗೆ ಓದಿ ಹೇಳುವುದಕ್ಕಲ್ಲ, ನಾನೇ ತಿಳಿದುಕೊಳ್ಳುವುದಕ್ಕೆ. ದೊಡ್ಡ ಮಿಷನ್ನುಗಳು ಎರಡು ಬಕೆಟ್ ಗಾರೆಯನ್ನು ಒಮ್ಮೆಗೇ ತಿರುವುತ್ತವೆ, ಆದರೆ ಅವಳ ಭುಜ ಅವನ್ನು ಎತ್ತಲಾರದು. ಚಿಕ್ಕವು ಹಗುರ, ಆದರೆ ಓಟ ಜಾಸ್ತಿ. ಕೊನೆಗೆ ಒಂದನ್ನು ಆರಿಸಿದೆವು. ಎರಡು ಪಕ್ಕದಲ್ಲೂ ಹಿಡಿ, ಸೈಕಲ್ ಹ್ಯಾಂಡಲ್ಲಿನ ಹಾಗೆ. ಟ್ರಿಗರನ್ನು ಎಷ್ಟು ಒತ್ತಿದರೆ ಅಷ್ಟೇ ವೇಗ, ಒಮ್ಮೆಗೇ ಎಗರುವುದಿಲ್ಲ. ಒತ್ತಿದ ಟ್ರಿಗರ್ ತಾನಾಗಿ ಲಾಕ್ ಆಗಿ ಕೂರುವುದಿಲ್ಲ, ಕೈ ಬಿಟ್ಟರೆ ನಿಲ್ಲುತ್ತದೆ. ಗಾರೆಗೆ ಅಡಿಯಿಂದ ಮೇಲಕ್ಕೆ ಎತ್ತುವ ರಾಡು. ಬಕೆಟ್ ತುಂಬ ಬೇಡ, ಅರ್ಧ ಬಕೆಟ್ ಮಾತ್ರ ಕಲಸಬೇಕು ಅಂತ ಷರತ್ತು ಹಾಕಿದೆ.

"ಅರ್ಧ ಬಕೀಟ್ ಕಲ್ಸಿದ್ರೆ ನಗ್ತಾರೆ ಕಣ್ ಮೇಡಮ್ಮ."

"ನಗಲಿ. ಎರಡು ಸಲ ಕಲಸು."

ಅವಳ ಶರ್ಟಿನ ತೋಳು ನೋಡಿದೆ. ಮಣಿಕಟ್ಟಿನ ಗುಂಡಿ ಕಿತ್ತುಹೋಗಿ ಜೋಲಾಡುತ್ತಿತ್ತು. ಸಡಿಲ ಬಟ್ಟೆ ಹಾಕಬಾರದು ಅನ್ನುವ ಸಾಲಿಗೆ ನಾನು ಆವರೆಗೆ ನಗುತ್ತಲೇ ಇದ್ದೆ, ಅವತ್ತು ನಗು ಬರಲಿಲ್ಲ. ಅಂಗಡಿಯ ಕತ್ತರಿ ತಂದು ಎರಡೂ ತೋಳನ್ನು ಮೊಣಕೈ ಮೇಲಕ್ಕೆ ಕತ್ತರಿಸಿ, ಅಂಚು ಮಡಿಚಿ ಹೊಲಿದುಕೊಟ್ಟೆ. ಕಾನ್ವೆಂಟಿನ ನೀಡ್ಲ್‌ವರ್ಕ್ ಜೀವನದಲ್ಲಿ ಒಮ್ಮೆಯಾದರೂ ಉಪಯೋಗಕ್ಕೆ ಬಂತು. "ನಮ್ ಅಪ್ಪನ್ ಅಂಗಿ ಇದು, ಇಂಗೆ ಕತ್ರಿಸ್ಬುಟ್ರಲ್ಲ!" ಅಂದಳು. ಆಮೇಲೆ ತೋಳು ನೋಡಿಕೊಂಡು, "ಒಲಿಗೆ ಮಾತ್ರ ಸಂದಾಗದೆ," ಅಂದಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ. ಸ್ವಲ್ಪ ದಿನದಲ್ಲೇ ಅವಳು ಮಿಷನ್ ಗೋಣಿಯಲ್ಲಿ ಸುತ್ತಿಕೊಂಡು ಹನೂರಿನ ಬಸ್ಸಿನಿಂದ ಇಳಿದು ಬಂದಳು. ಕಣಕಾಲಿನ ಮೇಲೆ ಊದಿದ ಗಾಯ.

"ಇದು ಎಗರ್ತದೆ ಮೇಡಮ್ಮ. ಬಕೀಟೂ ತಿರುಗ್ತದೆ, ನಾನೂ ತಿರುಗ್ತೀನಿ. ಅಡೀಲಿ ಎಲ್ಲಾ ಒಣಗ್ಲೇ ಇರ್ತದೆ. ಗೋಡೆಗೆ ಬಳದ್ರೆ ಉದುರ್ತದೆ. ಇನ್ನೊಂದ್ ಕಿತ ಇಂಗಾದ್ರೆ ಮಿಷನ್ನ ನಮ್ಮೋರ್ ಕೈಗೆ ಕೊಟ್ಬುಟ್ಟು ಮನೇಗ್ ನಡಿ ಅಂದವ್ನೆ ಸಿದ್ದರಾಜು."

ಮಿಷನ್ ಬಿಚ್ಚಿಸಿ ನೋಡಿದೆ. ಏನೂ ಕೆಟ್ಟಿರಲಿಲ್ಲ. ಕಾಗದ ಓದಿದೆ, ಅದರಲ್ಲೂ ಏನೂ ಇರಲಿಲ್ಲ. ಕೊನೆಗೆ ಅಂಗಡಿಯ ಹಿತ್ತಲಿಗೆ ಕರೆದುಕೊಂಡು ಹೋಗಿ, "ನೀನು ಹೇಗೆ ಕಲಸ್ತೀಯೋ ಹಾಗೇ ಕಲಸು, ನಾನು ನೋಡ್ತೀನಿ," ಅಂದೆ.

ಅವಳು ಬಕೆಟ್ಟಿಗೆ ಮರಳು ಸಿಮೆಂಟು ಸುರಿದಳು. ಕೈಯಿಂದ ನಡುವೆ ಒಂದು ಗುಂಡಿ ಮಾಡಿದಳು. ಆ ಗುಂಡಿಗೆ ನೀರು ಬಿಟ್ಟಳು. ಆಮೇಲೆ ರಾಡು ಇಳಿಸಿದಳು.

ನೆಲದ ಮೇಲೆ ಸನಿಕೆಯಲ್ಲಿ ಗಾರೆ ಕಲಸುವವರೆಲ್ಲ ಮಾಡುವುದು ಅದನ್ನೇ. ಒಣ ಮರಳು ಸಿಮೆಂಟನ್ನು ಗುಡ್ಡೆ ಹಾಕಿ, ನಡುವೆ ಪಾತಿ ಕಟ್ಟಿ, ನೀರು ಬಿಟ್ಟು, ಸುತ್ತಲಿಂದ ಒಳಕ್ಕೆ ಎಳೆದುಕೊಳ್ಳುವುದು. ನೆಲದ ಮೇಲೆ ಅದು ಸರಿ. ಬಕೆಟ್ಟಿನಲ್ಲಿ ಹಾಗೆ ಮಾಡಿದರೆ ತಳದ ಮೂಲೆಯ ಒಣ ಪುಡಿಗೆ ನೀರು ಇಳಿಯುವುದೇ ಇಲ್ಲ. ರಾಡು ಆ ಗಟ್ಟಿಗೆ ಸಿಕ್ಕಿ ಮಿಷನ್ ಎಗರುತ್ತದೆ. ಅವಳು ಹುಟ್ಟಿದಾಗಿನಿಂದ ನೋಡಿದ್ದು ಆ ಪಾತಿಯನ್ನು. ಕೈ ತಾನಾಗಿ ಅದನ್ನೇ ಮಾಡುತ್ತಿತ್ತು.

"ಪುಟ್ಟತಾಯಿ, ನೀರು ಮೊದಲು. ಆಮೇಲೆ ಪುಡಿ, ಸ್ವಲ್ಪ ಸ್ವಲ್ಪವಾಗಿ. ತಿರುಗಿಸು. ಆಮೇಲೆ ಸ್ವಲ್ಪ ಹೊತ್ತು ಹಾಗೇ ಬಿಡು, ನೀರು ಹೀರಿಕೊಳ್ಳಲಿ. ಮತ್ತೆ ಒಂದು ಸಲ ತಿರುಗಿಸು."

"ಗಾರೆಗೆ ನೀರ್ ಮೊದ್ಲಾ? ಎಲ್ಲಾರಾ ಉಂಟಾ?" ಅಂದಳು. ಮಾಡಲು ಹೋದಳು, ಮತ್ತೆ ಕೈ ಪುಡಿಯ ಕಡೆಗೇ ಹೋಯಿತು. ಇನ್ನೊಂದು ಸಲ ಪ್ರಯತ್ನಿಸಿದಳು, ಮತ್ತೆ ಅದೇ. ಸಿಟ್ಟಿನಲ್ಲಿ ಬಕೆಟ್ ಒದ್ದಳು. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತೆವು. ಮಾದಯ್ಯ ಟೀ ತಂದುಕೊಟ್ಟ. ನಾನು ಮತ್ತೆ ಮೊದಲಿಂದ ಹೇಳತೊಡಗಿದೆ: ನೀರು, ಪುಡಿ, ಸ್ವಲ್ಪ ಹೊತ್ತು ಬಿಡು, ಆಮೇಲೆ ಬಕೆಟ್ಟನ್ನು ಎರಡು ಪಾದದ ಮಧ್ಯೆ ಒತ್ತಿ ಹಿಡಿದು...

ಅವಳು ಲೋಟ ಕೆಳಗಿಟ್ಟಳು. "ಇಟ್ಟು ತೊಳ್ಸೋದಲ್ವಾ ಇದು?"

ನನಗೆ ಅರ್ಥವಾಗಲಿಲ್ಲ.

"ಇಟ್ಟು ಕಣ್ ಮೇಡಮ್ಮ, ರಾಗಿ ಮುದ್ದೆ! ಎಸರು ಮೊದ್ಲು, ಇಟ್ಟು ಆಮ್ಯಾಕೆ. ಬೇಯೋಕೆ ಬುಟ್ಟು, ಮಡಕೆ ಕಾಲಲ್ಲಿ ಅಮುಕ್ಕಂಡು, ಕೋಲಲ್ಲಿ ತೊಳ್ಸೋದು. ಗಂಟಾಗ್ದಂಗೆ." ಅವಳು ನನ್ನ ಮುಖ ನೋಡಿದಳು. "ನೀವು ಇಟ್ಟು ಮಾಡಿಲ್ವಾ ಯಾವತ್ತೂವೆ?"

"ಇಲ್ಲ. ಹಾಸ್ಟೆಲಿನಲ್ಲಿ ಬ್ರೆಡ್ ಕೊಡ್ತಿದ್ರು."

"ಅದ್ಕೇ ಇಷ್ಟು ಸುತ್ತಿ ಯೋಳ್ತಾವ್ರೆ!" ಅಂತ ಮಾದಯ್ಯನ ಕಡೆ ತಿರುಗಿ ಹೇಳಿದಳು. ಎದ್ದು ಬಕೆಟ್ ತೊಳೆದಳು. ನೀರು ಹಾಕಿದಳು. ಈ ಸಲ ಅವಳ ಕೈ ತಪ್ಪಲಿಲ್ಲ. ಮರಳು ಸಿಮೆಂಟಿನ ಹೆಂಗಸು ಹೋಗಿ ಒಲೆ ಮುಂದಿನ ಹೆಂಗಸು ಬಂದ ಹಾಗಿತ್ತು. ಎರಡು ಪಾದದಲ್ಲಿ ಬಕೆಟ್ ಅಮುಕಿ, ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಒತ್ತಿದಳು. ಗೂಂ. ಒಂದೇ ದನಿ. ಗಂಟಿಲ್ಲದ ಗಾರೆ ತಳದಿಂದ ಮೇಲೆ ಬಂದು ಮಗುಚಿಕೊಂಡು ಒಳಕ್ಕೆ ಹೋಗುತ್ತಿತ್ತು. ಮಧ್ಯದಲ್ಲಿ ಅವಳು ನನಗೆ ತೋರಿಸಲೆಂದು ನಿಲ್ಲಿಸಲು ಹೋದಳು. "ನಿಲ್ಲಿಸಬೇಡ!" ಅಂತ ಕೂಗಿದೆ. "ಅರ್ಧದಲ್ಲಿ ನಿಲ್ಲಿಸಿದರೆ ರಾಡು ಗಟ್ಟಿಯಲ್ಲಿ ಕಚ್ಚಿಕೊಳ್ಳುತ್ತೆ, ಮತ್ತೆ ಒತ್ತಿದಾಗ ಎಗರುತ್ತೆ. ಯಾರು ಕರೆದರೂ ತಿರುಗಬೇಡ, ಮುಗಿಸಿಯೇ ತಿರುಗು." ಅವಳು ತಲೆಯಾಡಿಸಿದಳು.

ಆ ಮಿಷನ್ ಅವಳ ಕೈಯಲ್ಲೇ ಉಳಿಯಿತು. ಸಿದ್ದರಾಜು ಆಮೇಲೆ ಅಂಗಡಿಗೆ ಬಂದಾಗ, "ನಮ್ ಅತ್ತಿಗಮ್ಮ ಬಕೀಟಲ್ಲಿ ಅಡಿಗೆ ಮಾಡ್ತಾಳೆ ಸಾ," ಅಂತ ಯಜಮಾನರಿಗೆ ಹೇಳಿದ. ಅದು ಅವನ ಮೆಚ್ಚುಗೆ, ಅದಕ್ಕಿಂತ ಹೆಚ್ಚು ಅವನಿಂದ ಬರುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಮೊದಲು ಗೋಡೆ ನುಣುಪು ಮಾಡಲು ಬಳಿಯುವ ಪುಟ್ಟಿ ಬಂತು, ಆಮೇಲೆ ಜಿಪ್ಸಂ ಹಲಗೆ, ಫಾಲ್ಸ್ ಸೀಲಿಂಗು. ಹಲಗೆಗಳ ಸಂದಿಗೆ ತುಂಬುವ ಬಿಳೀ ಪೇಸ್ಟನ್ನು ಗಾರೆಯ ಹಾಗೆ ಎತ್ತಿ ಎತ್ತಿ ಕಲಸಿದರೆ ಒಳಗೆ ಗಾಳಿ ಸೇರುತ್ತದೆ, ಒಣಗಿದ ಮೇಲೆ ಸೂಜಿ ಚುಚ್ಚಿದಂಥ ತೂತುಗಳು. ಇದಕ್ಕೆ ಇನ್ನೂ ನಿಧಾನ ಬೇಕು, ರಾಡಿನ ತಲೆ ಪೇಸ್ಟಿನೊಳಗೆ ಮುಳುಗಿಯೇ ಇರಬೇಕು. ಗಾರೆಯ ರಾಡನ್ನು ಇದಕ್ಕೆ ಹಾಕಲೇಬಾರದು. ಒಣಗಿದ ಸಿಮೆಂಟಿನ ಒಂದು ಕಣ ಸೇರಿದರೂ ಸಂದಿ ನುಣುಪು ಮಾಡುವಾಗ ಉದ್ದಕ್ಕೆ ಗೀರು ಎಳೆಯುತ್ತದೆ. ಹೀಗಾಗಿ ಬಿಳೀ ಕೆಲಸಕ್ಕೆ ಬೇರೆ ರಾಡು, ಬೇರೆ ಬಕೆಟ್. ಇವೆಲ್ಲ ಈಗಿನ ಹುಡುಗಿಗೆ ಫೋನಿನಲ್ಲೇ ಸಿಗುತ್ತವೆ. ಆಗ ಒಂದೊಂದೂ ಒಂದೊಂದು ಜಗಳವಾಗಿ ಅಂಗಡಿಗೆ ಬರುತ್ತಿತ್ತು. ಹನೂರಿನ ಕಡೆಯಿಂದ ಬಂದ ಒಬ್ಬ ಅಂತೂ ಕರೆಂಟು ಮಂದ ಇರುವ ಊರಿನಲ್ಲಿ ಮಿಷನ್ ಓಡಿಸಿ ವೈಂಡಿಂಗ್ ಸುಟ್ಟುಕೊಂಡು, ಅರ್ಧ ತಮಿಳಿನಲ್ಲಿ ಅರ್ಧ ಕನ್ನಡದಲ್ಲಿ ನನ್ನನ್ನು ಬೈದು, ಕೊನೆಗೆ ನನ್ನಿಂದಲೇ ನೀರು ಇಸಿದುಕೊಂಡು ಕುಡಿದು ಹೋದ. ಬಲ್ಬು ಮಂಕಾಗಿ ಉರಿಯುವ ಹೊತ್ತಿನಲ್ಲಿ ಮಿಷನ್ ಹಿಡಿಯಬೇಡಿ ಅಂತ ಆಮೇಲಿಂದ ಎಲ್ಲರಿಗೂ ಹೇಳುತ್ತಿದ್ದೆ.

ಪುಟ್ಟತಾಯಿ ಆಗಾಗ ಬರುತ್ತಿದ್ದಳು. ಮೋಟರಿನೊಳಗಿನ ಕಾರ್ಬನ್ ತುಂಡು ಸವೆದಿದೆ ಅಂತಲೋ, ರಾಡು ಬೇಕು ಅಂತಲೋ. ಕಾರ್ಬನ್ ಹನೂರಿನಲ್ಲೂ ಸಿಗುತ್ತಿತ್ತು, ಅದು ನನಗೂ ಗೊತ್ತಿತ್ತು. ನಾನು ಮಧ್ಯಾಹ್ನದ ಊಟವನ್ನು ಗೋಡೌನಿನ ಸಿಮೆಂಟ್ ಮೂಟೆಗಳ ಸಂದಿಯಲ್ಲಿ ಒಬ್ಬಳೇ ಮಾಡುತ್ತಿದ್ದೆ. ಗಂಡಸರ ಅಂಗಡಿ, ಬೇರೆ ಜಾಗ ಇರಲಿಲ್ಲ. ಅವಳು ಬಂದ ದಿನ ಅದೇ ಮೂಟೆಗಳು ಡೈನಿಂಗ್ ಟೇಬಲ್ ಆಗುತ್ತಿದ್ದವು. ಅವಳು ಬಟ್ಟೆಯಲ್ಲಿ ಸುತ್ತಿದ ಮುದ್ದೆ ಬಿಚ್ಚುತ್ತಿದ್ದಳು, ನಾನು ಸ್ಯಾಂಡ್‌ವಿಚ್.

"ಇದೇನ್ ಮೇಡಮ್ಮ, ಎಲ್ಡ್ ಅಟ್ಟೆ ಮಧ್ಯೆ ಸೊಪ್ಪು?"

"ಸೌತೆಕಾಯಿ."

"ಮೇಕೆಗೆ ಆಯ್ತದೆ." ಅಂದು ತನ್ನ ಮುದ್ದೆ ಮುರಿದು ನನ್ನ ಡಬ್ಬಿಗೆ ಹಾಕುತ್ತಿದ್ದಳು. ಅಗಿಯಲು ಹೋದರೆ, "ನುಂಗ್ಬೇಕು! ಯಾರ್ ಕಣ್ರವ್ವ ನಿಮ್ಗೆ ಓದ್ಸಿದ್ದು?" ಅಂತ ಬೆನ್ನಿಗೆ ಹೊಡೆಯುತ್ತಿದ್ದಳು. ನನ್ನ ಬೆನ್ನನ್ನು ಹಾಗೆ ಮುಟ್ಟುವ ಇನ್ನೊಂದು ಕೈ ಆಗ ಊರಿನಲ್ಲಿ ಇರಲಿಲ್ಲ. ಒಂದು ಸಲ, "ನೀವ್ ಮನೇಲಿ ಯಾರ್ ಜೊತೆ ಮಾತಾಡ್ತೀರಿ?" ಅಂತ ಕೇಳಿದಳು. ಕನ್ನಡಿಯ ವಿಷಯ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಅದೇನಂತೀರಿ, ನಂಗೂ ಯೋಳ್ಕೊಡಿ," ಅಂದಳು. ಹೇಳಿಕೊಟ್ಟೆ. ಮುಂದಿನ ಸಲ ಬಾಗಿಲಿಂದಲೇ "ಗುಡ್ ಮಾರ್ನಿಂಗ್ ಮೈ ಡಿಯರ್!" ಅಂತ ಕೂಗಿಕೊಂಡು ಒಳಗೆ ಬಂದಳು. ಆಗ ಮಧ್ಯಾಹ್ನ ಎರಡು ಗಂಟೆ. ಯಜಮಾನರು ಕನ್ನಡಕ ತೆಗೆದು ನೋಡಿದರು.

ಯಜಮಾನರಿಗೆ ವಯಸ್ಸಾಯಿತು, ಅಂಗಡಿ ಬೇರೆಯವರ ಕೈಗೆ ಹೋಯಿತು. ಹೊಸಬರು ಗಾಜಿನ ಬಾಗಿಲು ಹಾಕಿಸಿದರು. ಡಬ್ಬದ ಕಾಗದ ಓದುವವರು ಬೇಕಾಗಿರಲಿಲ್ಲ, ಡಬ್ಬದ ಮೇಲಿನ ಚೌಕಕ್ಕೆ ಫೋನು ಹಿಡಿದರೆ ವಿಡಿಯೋ ಬರುತ್ತಿತ್ತು. ಮಣ್ಣಿನ ಬಕೆಟ್ಟನ್ನು ಮೊದಲ ದಿನವೇ ಹೊರಗಿಟ್ಟರು. ನಾನೂ ನನ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಹೊರಟೆ. ಯಾರ ಮೇಲೂ ಬೇಸರ ಇಲ್ಲ. ನನಗೂ ವಯಸ್ಸಾಗಿತ್ತು. ಒಂದೇ ತೊಂದರೆ, ಪುಟ್ಟತಾಯಿಗೆ ನನ್ನ ಮನೆ ಗೊತ್ತಿರಲಿಲ್ಲ, ನನಗೆ ಅವಳ ಫೋನ್ ನಂಬರ್ ಗೊತ್ತಿರಲಿಲ್ಲ. ನಮ್ಮಿಬ್ಬರ ವಿಳಾಸ ಆ ಅಂಗಡಿಯೇ ಆಗಿತ್ತು. ಅವಳು ಕಾರ್ಬನ್ನಿಗೆಂದು ಬಂದು ಗಾಜಿನ ಬಾಗಿಲಲ್ಲಿ ನಿಂತು ಹೋದಳಂತೆ. ಮಾದಯ್ಯ ಎಂದೋ ಬೀದಿಯಲ್ಲಿ ಸಿಕ್ಕಿ ಹೇಳಿದ. ಆಮೇಲೆ ಒಮ್ಮೆ ಶಾಗ್ಯಕ್ಕೆ ಹೋಗಿ ಕೇಳಿದೆ. ಗುಂಪು ಎಲ್ಲೆಲ್ಲೋ ಕೆಲಸಕ್ಕೆ ಹೋಗುತ್ತದೆ, ಮನೆಗೆ ಬೀಗ ಅಂದರು. ಬೀಗದ ಮುಂದೆ ಸ್ವಲ್ಪ ಹೊತ್ತು ನಿಂತು ಬಂದೆ.

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ, ಯಳಂದೂರಿನಲ್ಲಿ.

ಚಾಮರಾಜನಗರದಲ್ಲಿ ಕಣ್ಣು ತೋರಿಸಿಕೊಂಡು ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆ. ಯಳಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರು ಟೀ ಕುಡಿಯಲು ಇಳಿದ. ಕಿಟಕಿಯ ಪಕ್ಕ ಕೂತಿದ್ದೆ. ಜನ, ಹಾರನ್, ಕಡಲೆಕಾಯಿ ಮಾರುವವರು, ಎಲ್ಲದರ ಅಡಿಯಿಂದ ಒಂದು ಸದ್ದು ಬಂತು. ಗೂಂ. ಒಂದೇ ದನಿ, ಸೋಲದ ದನಿ. ಯಾರೋ ಸರಿಯಾದ ಮಿಷನ್ನಿನಲ್ಲಿ ಸರಿಯಾಗಿ ಗಾರೆ ಕಲಸುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಕಾಲು ತಾನಾಗಿ ಇಳಿದಿತ್ತು.

ಸ್ಟ್ಯಾಂಡಿನ ಹಿಂದೆಯೇ ಒಂದು ಮನೆ ಎದ್ದು ನಿಲ್ಲುತ್ತಿತ್ತು. ಮುಂದಿನ ಜಗಲಿಯಲ್ಲಿ ಅವಳು. ಟವಲ್ಲಿನ ಕೆಳಗಿನ ಕೂದಲು ಬೆಳ್ಳಗಾಗಿತ್ತು. ತೋಳು ಕತ್ತರಿಸಿದ ಶರ್ಟು ಅದೇ, ಅಂಚಿನಲ್ಲಿ ನನ್ನ ಹೊಲಿಗೆ ಇದ್ದಿರಬೇಕು, ಅಷ್ಟು ದೂರಕ್ಕೆ ನನ್ನ ಕಣ್ಣು ಕಾಣಲಿಲ್ಲ. ಬಕೆಟ್ಟನ್ನು ಎರಡು ಪಾದದಲ್ಲಿ ಅಮುಕಿ ಹಿಡಿದಿದ್ದಳು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ಅವಳ ಶರ್ಟಿನ ತೋಳೂ ಮೊಣಕೈ ಮೇಲಕ್ಕೆ ಕತ್ತರಿಸಿದ್ದೇ, ಬಾಂಡ್ಲಿಯಿಂದ ಸ್ವಲ್ಪ ಸ್ವಲ್ಪವಾಗಿ ಪುಡಿ ಉದುರಿಸುತ್ತಿದ್ದಳು. ನೀರು ಮೊದಲೇ ಹಾಕಿದ್ದರು.

"ಪುಟ್ಟತಾಯಿ!" ಅಂತ ಕೂಗಿದೆ.

ಅವಳು ತಲೆ ಎತ್ತಿದಳು. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮುಖ ಪೂರ್ತಿ ಅರಳಿತು. ಬಾಯಿ ಆಡಿತು, ಏನೋ ಹೇಳಿದಳು, ಮಿಷನ್ನಿನ ಗೂಂಕಾರದಲ್ಲಿ ನನಗೆ ಕೇಳಿಸಲಿಲ್ಲ. ಗದ್ದದಿಂದ ಬಕೆಟ್ ತೋರಿಸಿದಳು. ಅರ್ಧ ಆಗಿದೆ, ತಡೆಯಿರಿ ಅನ್ನುವ ಹಾಗೆ. ನಾನು ತಲೆಯಾಡಿಸಿದೆ. ಹಿಂದೆ ಕಂಡಕ್ಟರ್ ಸೀಟಿ ಊದಿದ. ಇನ್ನೊಮ್ಮೆ ಊದಿ, "ಅಜ್ಜೀ, ಬತ್ತೀರೋ ಬುಟ್ಬುಟ್ಟು ಓಗ್ಲೋ?" ಅಂತ ಕೂಗಿದ. ಕಣ್ಣಿಗೆ ಔಷಧಿ ಹಾಕಿದ್ದರು, ಕತ್ತಲಾದರೆ ನನಗೆ ದಾರಿ ಕಾಣುವುದಿಲ್ಲ. ಈ ಬಸ್ಸು ಬಿಟ್ಟರೆ ಇನ್ನೊಂದು ಎಷ್ಟು ಹೊತ್ತಿಗೋ.

ಹತ್ತಿದೆ. ಬಸ್ಸು ಆ ಮನೆಯ ಮುಂದೆಯೇ ತಿರುಗಿಕೊಂಡು ಹೋಗಬೇಕಾಗಿತ್ತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ನಗುತ್ತಿದ್ದಳು, ತಲೆ ಜೋರಾಗಿ ಆಡಿಸುತ್ತಿದ್ದಳು. ಕೈ ಮಾತ್ರ ಎತ್ತಲಿಲ್ಲ. ಎರಡೂ ಕೈ ಮಿಷನ್ನಿನ ಮೇಲಿದ್ದವು.